ದೊಡ್ದು ಮಾಡ್ರಿ

ನ್ಯಾಮತಿಯಲ್ಲಿ ಭೀಮೇಶನ ಅಂಗಡಿ ಇರುವುದು ಮನೆಯ ಮುಂದಿನ ಕೋಣೆಯಲ್ಲಿ. ಜೆರಾಕ್ಸು, ಪಾಸ್‌ಪೋರ್ಟ್ ಸೈಜ್ ಫೋಟೋ, ಪಹಣಿ, ಆನ್‌ಲೈನ್ ಅರ್ಜಿ, ಎಲ್ಲ ಅಲ್ಲೇ. ಅಂಗಡಿಗೂ ಮನೆಗೂ ನಡುವೆ ಒಂದು ಗೋಡೆ, ಗೋಡೆಯಲ್ಲೊಂದು ಬಾಗಿಲು. ಬೆಳಗ್ಗೆ ಶೆಟರ್ ಎತ್ತಿ ಮೊದಲ ಗಿರಾಕಿಯ ಆಧಾರ್ ಕಾರ್ಡು ಯಂತ್ರದ ಗಾಜಿನ ಮೇಲೆ ಇಡುವುದಕ್ಕೂ ಬಾಗಿಲಿನ ಆಚೆಯಿಂದ ಆ ಮಾತು ಬರುವುದಕ್ಕೂ ಸರಿಹೋಗುತ್ತಿತ್ತು.

“ದೊಡ್ದು ಮಾಡ್ರಿ…”

ಅದು ಅವನ ಹೆಂಡತಿಯ ತಾಯಿ ಉಚ್ಚಂಗಮ್ಮನ ದನಿ. ಲಕ್ವ ಹೊಡೆದು ಬಲಗೈ ಬಲಗಾಲು ಸ್ವಾಧೀನ ತಪ್ಪಿ ಹಿಂದಿನ ಕೋಣೆಯ ಮಂಚದ ಮೇಲೆ ಮಲಗಿದ್ದರು. ಮಂಚದ ಎದುರಿಗೆ ಟಿವಿ. ಭೀಮೇಶ ಗಿರಾಕಿಗೆ “ಒಂದ್ನಿಮಿಷ ಇರ್ರಿ” ಅಂದು ಒಳಗೆ ಹೋಗುತ್ತಿದ್ದ. ಪ್ಲಾಸ್ಟಿಕ್ ಕವರ್ ತೊಡಿಸಿ ರಬ್ಬರ್ ಬ್ಯಾಂಡ್ ಸುತ್ತಿದ್ದ ರಿಮೋಟನ್ನು ಟಿವಿಯ ಮೂಗಿಗೇ ಹಿಡಿದು ಒತ್ತಿ, ಸೌಂಡು ಒಂದೆರಡು ಗೆರೆ ಏರಿಸಿ ಬರುತ್ತಿದ್ದ. ದೂರದಿಂದ ಒತ್ತಿದರೆ ಆ ಟಿವಿಗೆ ಕೇಳುತ್ತಿರಲಿಲ್ಲ. ಬಂದು ಕುರ್ಚಿಗೆ ಬೆನ್ನು ಕೊಡುವಷ್ಟರಲ್ಲಿ ಮತ್ತೆ, “ದೊಡ್ದು ಮಾಡ್ರಿ.” ಮತ್ತೆ ಏಳುವುದು.

ಇದು ಒಂದು ದಿನದ ಪಾಡಾಗಿದ್ದರೆ ಹೇಳುವುದಕ್ಕೆ ಏನೂ ಇರುತ್ತಿರಲಿಲ್ಲ. ಹೋದ ಮಳೆಗಾಲದಿಂದ ಹಿಡಿದು ಈ ಬೇಸಿಗೆಯವರೆಗೆ ಭೀಮೇಶ ಗಾಣದೆತ್ತಿನ ಹಾಗೆ ಆ ಬಾಗಿಲಿನ ಆಚೆ ಈಚೆ ತಿರುಗಿದ್ದ. ಐವತ್ತು ಇನ್ನೂ ತುಂಬಿರಲಿಲ್ಲ, ಆದರೆ ಕನ್ನಡಿಯಲ್ಲಿ ನೋಡಿಕೊಂಡರೆ ಅಪ್ಪನ ಮುಖ ಕಾಣಿಸುತ್ತಿತ್ತು.

ಅವನು ಚನ್ನಗಿರಿ ತಾಲ್ಲೂಕಿನ ನಲ್ಲೂರಿನವನು. ಚಿಕ್ಕವನಿದ್ದಾಗ ಅವ್ವನ ಜೊತೆ ಅಡಿಕೆ ಸುಲಿಯಲು ಹೋಗುತ್ತಿದ್ದ. ಕತ್ತಿಯ ಮುಂದೆ ತೂಕಡಿಸಿದರೆ ಬೆರಳು ಹೋಗುತ್ತದೆ, ಹಾಗಾಗಿ ನಿದ್ದೆ ತಡೆಯುವ ವಿದ್ಯೆ ಅವನಿಗೆ ಅಲ್ಲಿಯೇ ಬಂತು. ಆಮೇಲೆ ಚನ್ನಗಿರಿಯಲ್ಲಿ ಐಟಿಐ ಮಾಡಿದ, ಹೊನ್ನಾಳಿಯ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ಟೈಪಿಂಗ್ ಹೇಳಿಕೊಟ್ಟ, ಅಲ್ಲಿಗೆ ಕಲಿಯಲು ಬಂದ ಜಗಳೂರು ಕಡೆಯ ಮಮತಾಳನ್ನು ಮದುವೆಯಾದ. ಮಮತಾ ಈಗ ಹೊನ್ನಾಳಿಯ ಹೆಣ್ಣುಮಕ್ಕಳ ಹಾಸ್ಟೆಲ್ ಒಂದರಲ್ಲಿ ವಾರ್ಡನ್. ವಾರ್ಡನ್ ಅಂದರೆ ರಾತ್ರಿಯೂ ಅಲ್ಲೇ ವಾಸ. ಶನಿವಾರ ಸಂಜೆ ಬಸ್ಸಿಗೆ ಮನೆಗೆ ಬಂದರೆ ಸೋಮವಾರ ಬೆಳಗಿನ ಬಸ್ಸಿಗೆ ಹೊರಡುತ್ತಿದ್ದಳು. ನ್ಯಾಮತಿ ತಾಲ್ಲೂಕು ಆದ ಮೇಲೆ ಕಚೇರಿಗಳು ಬಂದವು, ಕಚೇರಿಗಳ ಹಿಂದೆ ಅರ್ಜಿಗಳು ಬಂದವು, ಅರ್ಜಿಗಳೆಲ್ಲ ಭೀಮೇಶನ ಮೇಜಿಗೆ ಬಂದವು. “ತಾಲ್ಲೂಕು ಆಗಿದ್ದು ನ್ಯಾಮತಿ, ಬೆನ್ನು ಬಾಗಿದ್ದು ನಂದು” ಅಂತ ಅವನು ಗಿರಾಕಿಗಳ ಹತ್ತಿರ ನಗೆಯಾಡುತ್ತಿದ್ದ. ಈಚೆಗೆ ಆ ನಗೆಯೂ ಸವೆದಿತ್ತು.

ಉಚ್ಚಂಗಮ್ಮನ ಊರು ಜಗಳೂರಿನಿಂದ ಇನ್ನೂ ಆಚೆಗಿನ ಒಂದು ಹಳ್ಳಿ. ಗಂಡ ಬೇಗ ತೀರಿಕೊಂಡ ಮೇಲೆ ಕಂಡವರ ಹೊಲದಲ್ಲಿ ಕೂಲಿ ಮಾಡಿ ಇದ್ದೊಬ್ಬ ಮಗಳನ್ನು ಓದಿಸಿದ ಗಟ್ಟಿ ಹೆಂಗಸು. ಮಗಳ ಮನೆಗೆ ಬಂದರೂ ಒಂದು ಹೊತ್ತು ಉಂಡು ಸಂಜೆ ಬಸ್ಸು ಹಿಡಿಯುತ್ತಿದ್ದರು. ಅಳಿಯನ ಮನೆಯಲ್ಲಿ ರಾತ್ರಿ ಕಳೆಯುವುದು ಅವರ ಪದ್ಧತಿಯಲ್ಲಿ ಇರಲಿಲ್ಲ. ಅಳಿಯನ ಎದುರು ತಲೆಯ ಮೇಲಿನ ಸೆರಗು ಜಾರಿದ್ದಿಲ್ಲ. ಒಂದು ಲೋಟ ನೀರು ಬೇಕಾದರೂ ಮಗಳ ಕಡೆ ತಿರುಗಿ ಕೇಳುತ್ತಿದ್ದರೇ ಹೊರತು ಅವನನ್ನು ಕೇಳಿದವರಲ್ಲ. ಅಂಥವರನ್ನು ವಿಧಿ ಎತ್ತಿ ತಂದು ಅಳಿಯನ ಮನೆಯ ಮಂಚದ ಮೇಲೇ ಹಾಕಿತ್ತು. ಓಣಿಯ ಕೊಟ್ರಮ್ಮ ಬೆಳಗ್ಗೆ, ಸಂಜೆ ಬಂದು ಮೈ ಒರೆಸಿ ಸೀರೆ ಬದಲಿಸಿ ಹೋಗುತ್ತಿದ್ದಳು. ನಡುವಿನ ಹಗಲಿಗೆಲ್ಲ ಭೀಮೇಶನೇ. ಅವನು ಗಂಜಿಯ ಬಟ್ಟಲು ಹಿಡಿದು ಹತ್ತಿರ ಬಂದರೆ ಉಚ್ಚಂಗಮ್ಮ ಎಡಗೈಯಲ್ಲಿ ಸೆರಗು ಹುಡುಕುತ್ತಿದ್ದರು, ಕಣ್ಣು ಮಾತ್ರ ಗೋಡೆ ಕಡೆಗಿರುತ್ತಿತ್ತು.

ಲಕ್ವ ಅವರ ಮಾತನ್ನೂ ತಿಂದಿತ್ತು. ಉಳಿದದ್ದು ಎಣಿಸಿ ಮೂರೋ ನಾಲ್ಕೋ. ನೀರು, ಮಗಳು, ಯವ್ವಾ, ಮತ್ತೆ ಈ ದೊಡ್ದು ಮಾಡ್ರಿ.

ಟಿವಿ ಹಚ್ಚುವುದನ್ನು ಶುರು ಮಾಡಿದ್ದು ಭೀಮೇಶನೇ. ಹಗಲೆಲ್ಲ ಒಬ್ಬರೇ ಸೂರು ನೋಡುತ್ತಾ ಮಲಗಬೇಕಲ್ಲ, ಪಾಪ, ಬೇಜಾರಾಗದಿರಲಿ ಅಂತ. ಕೊಟ್ರಮ್ಮ ಅತ್ತ ಹೋಗುತ್ತಲೂ ಅವನು ಇತ್ತ ಟಿವಿ ಹಚ್ಚುತ್ತಿದ್ದ. ಧಾರಾವಾಹಿ, ಮಧ್ಯೆ ಸಾಬೂನು, ಆಮೇಲೆ ಕೂಗಾಡುವ ಸುದ್ದಿ, ಮತ್ತೆ ಸಾಬೂನು. ಮೊದಲ ದಿನವೇ ಅತ್ತೆ ಟಿವಿ ಕಡೆ ಎಡಗೈ ತೋರಿಸಿ “ದೊಡ್ದು ಮಾಡ್ರಿ” ಅಂದರು. ಅವನು ಸೌಂಡು ಏರಿಸಿದ. ಅವರು ತಲೆ ಅಲ್ಲಾಡಿಸಿ ಕೈ ಬೀಸಿದರು. ಇನ್ನೂ ಬೇಕು ಅಂತ ತಿಳಿದು ಅವನು ಇನ್ನಷ್ಟು ಏರಿಸಿದ. ಅವರು ಮುಖ ಗೋಡೆಗೆ ತಿರುಗಿಸಿ ಸುಮ್ಮನಾದರು. ಸಮಾಧಾನವಾಯಿತು ಅಂದುಕೊಂಡು ಅವನು ಅಂಗಡಿಗೆ ಬಂದ.

ಅಡಿಕೆ ವ್ಯಾಪಾರಿ ಷಣ್ಮುಖಪ್ಪ ಇದಕ್ಕೊಂದು ವಿವರಣೆಯನ್ನೂ ಒದಗಿಸಿದ್ದರು. ಅಂಗಡಿಗೆ ಬಂದರೆ ಕೆಲಸ ಮುಗಿದ ಮೇಲೂ ಸ್ಟೂಲು ಬಿಡದ ಗಿರಾಕಿ ಅವರು. “ಲಕ್ವ ಹೊಡೆದ ಕಡೆ ಕಿವಿನೂ ಹೋಗಿರ್ತೈತೆ ಭೀಮೇಶಪ್ಪಾ. ನಮ್ ದೊಡ್ಡಪ್ಪಗೂ ಹಂಗೇ ಆಗಿತ್ತು” ಅಂದರು. ಭೀಮೇಶ ಅದನ್ನೇ ನಂಬಿದ. ಡಾಕ್ಟರು ಕಿವಿಯ ವಿಷಯ ಏನೂ ಹೇಳಿರಲಿಲ್ಲ, ಇವನೂ ಕೇಳಿರಲಿಲ್ಲ.

ಹೀಗೆ ಒಂದು ವರಸೆ ಬಿತ್ತು. ಅತ್ತೆ ಕರೆಯುವುದು, ಇವನು ಏರಿಸುವುದು. ಅಂಗಡಿಯಲ್ಲಿ ಗಿರಾಕಿಯ ಮಾತೇ ಕೇಳಿಸದಂತಾದಾಗ ಮೆಲ್ಲಗೆ ಒಳಗೆ ಹೋಗಿ ತಗ್ಗಿಸಿ ಬರುವುದು. ತುಸು ಹೊತ್ತಿಗೆ ಮತ್ತೆ ಕರೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುತ್ತಾರಲ್ಲ, ಹಾಗೆ. ಕರೆಂಟು ಹೋದಾಗ ಮಾತ್ರ ಇಬ್ಬರಿಗೂ ಹಬ್ಬ. ಅತ್ತೆ ತಣ್ಣಗೆ ನಿದ್ದೆ ಹೋಗುತ್ತಿದ್ದರು, ಇವನೂ ಮೇಜಿಗೆ ತಲೆಯಿಟ್ಟು ಕಣ್ಣು ಮುಚ್ಚುತ್ತಿದ್ದ. ಭಾನುವಾರವೂ ಅಷ್ಟೆ. ಮಮತಾ ಅವ್ವನ ಮಗ್ಗುಲಲ್ಲಿ ಕೂತು ತಲೆ ಬಾಚುತ್ತಾ ಊರಿನ ಸುದ್ದಿ ಹೇಳುತ್ತಿದ್ದಳು, ಟಿವಿಯ ತಂಟೆಗೆ ಯಾರೂ ಹೋಗುತ್ತಿರಲಿಲ್ಲ. ಅವತ್ತು ದಿನವಿಡೀ ಒಂದು ಸಲವೂ “ದೊಡ್ದು ಮಾಡ್ರಿ” ಕೇಳಿಬರುತ್ತಿರಲಿಲ್ಲ. ‘ಮಗಳಿದ್ದರೆ ಬಾಯಿಯೇ ಇಲ್ಲ, ಅಳಿಯ ಒಬ್ಬನೇ ಸಿಕ್ಕರೆ ಕೂಗೋ ಕೂಗು’ ಅಂತ ಭೀಮೇಶನಿಗೆ ಒಳಗೊಳಗೇ ಕಹಿಯಾಗುತ್ತಿತ್ತು. ಆ ಕಹಿ ಬಂದದ್ದಕ್ಕೆ ತನ್ನ ಮೇಲೇ ಬೇಸರವೂ ಆಗುತ್ತಿತ್ತು.

ಒಂದು ದಿನ ಈ ಓಡಾಟದಲ್ಲಿ ಅವನು ಷಣ್ಮುಖಪ್ಪನವರ ಅರ್ಜಿಗೆ ಬೇರೆ ಯಾರೋ ಹೆಂಗಸಿನ ಫೋಟೋ ಸೇರಿಸಿ ಕಳಿಸಿಬಿಟ್ಟ. ಷಣ್ಮುಖಪ್ಪ ಪ್ರಿಂಟು ಹಿಡಿದುಕೊಂಡು ಬಂದರು. “ನಾನ್ ಯಾವಾಗಪ್ಪಾ ಮೂಗು ಚುಚ್ಚಿಸ್ಕಂಡೆ?” ಅಂದರು. ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಭೀಮೇಶನಿಗೆ ನಗು ಬರಲಿಲ್ಲ. ಇಷ್ಟು ಚಿಕ್ಕ ಮಾತಿಗೆ ಕಣ್ಣಲ್ಲಿ ನೀರು ಬಂತಲ್ಲ ಅಂತ ನಾಚಿಕೆಯಾಗಿ ಪ್ರಿಂಟರಿನ ಹಿಂದೆ ಬಗ್ಗಿ ವೈರು ಹುಡುಕುವವನಂತೆ ನಟಿಸಿದ.

ಅವತ್ತು ಸಂಜೆ ಶೆಟರ್ ಎಳೆಯುವ ಮೊದಲೇ ಹೊನ್ನಾಳಿಗೆ ಫೋನ್ ಮಾಡಿದ.

“ನನ್ ಕೈಲಿ ಇನ್ನ ಆಗಾದಿಲ್ಲ ಕಣೆ ಮಮತಾ. ಟಿವಿ ಸೌಂಡ್ ಜಾಸ್ತಿ ಮಾಡು, ಜಾಸ್ತಿ ಮಾಡು ಅಂತ ದಿನಪೂರ್ತಿ ಕರೀತಾರೆ. ಕೂರಾಕೆ ಬಿಡಲ್ಲ, ನಿಲ್ಲಾಕೆ ಬಿಡಲ್ಲ.”

ಮಮತಾಳ ಹಿಂದೆ ಹಾಸ್ಟೆಲ್ ಹುಡುಗಿಯರು ಊಟದ ತಟ್ಟೆ ತೊಳೆಯುವ ಸದ್ದು ಬರುತ್ತಿತ್ತು.

“ಆತು ಬಿಡ್ರಿ” ಅಂದಳು. “ಚಿಗವ್ವಗೆ ಬರಾಕೆ ಹೇಳ್ತೀನಿ. ಈ ಭಾನುವಾರ ಅವ್ವನ್ನ ಊರಿಗೆ ಕರ್ಕಂಡು ಹೋಗ್ಲಿ.”

ಚಿಗವ್ವ ಅಂದರೆ ಉಚ್ಚಂಗಮ್ಮನ ತಂಗಿ ಹನುಮಂತಮ್ಮ. ಆ ಊರಿನಲ್ಲೇ ಇದ್ದರು. ಅವರದೂ ಕೂಲಿ ಬದುಕು. ಬೆಳಗಾದರೆ ಬಾಗಿಲಿಗೆ ಚಿಲಕ ಹಾಕಿ ಹೊಲಕ್ಕೆ ಹೋದರೆ ಹೊತ್ತು ಮುಳುಗಿದ ಮೇಲೇ ವಾಪಸು. ಅಲ್ಲಿ ಹಗಲೆಲ್ಲ ಉಚ್ಚಂಗಮ್ಮನ ಬಾಯಿಗೆ ನೀರು ಬಿಡುವವರು ಯಾರು ಅನ್ನುವುದು ಗಂಡನಿಗೂ ಗೊತ್ತಿತ್ತು, ಹೆಂಡತಿಗೂ ಗೊತ್ತಿತ್ತು. ಇಬ್ಬರೂ ಅದನ್ನು ಬಾಯಿಬಿಟ್ಟು ಆಡಲಿಲ್ಲ. ಮಮತಾ ಫೋನ್ ಇಡುವ ಮೊದಲು ಮೂಗು ಏರಿಸಿಕೊಂಡದ್ದು ಭೀಮೇಶನಿಗೆ ಕೇಳಿಸಿತು.

ಅವನಿಗೆ ಅನ್ನ ಇಳಿಯಲಿಲ್ಲ. ತನಗೆ ಬೇಕಾದದ್ದು ಅತ್ತೆಯನ್ನು ಕಳಿಸುವುದಲ್ಲ, ಆ ಕರೆ ನಿಲ್ಲುವುದು ಅಂತ ಅವನಿಗೆ ಅವನೇ ಹೇಳಿಕೊಂಡ. ಭಾನುವಾರದೊಳಗೆ ಆ ಕರೆ ನಿಂತುಬಿಟ್ಟರೆ ಅವರು ಹೋಗಬೇಕಾಗಿಯೇ ಇಲ್ಲ. ಆಗ ಅವನ ಕಣ್ಣು ಟಿವಿಯ ಕೆಳಗಿದ್ದ ಹಳೆಯ ಕಂಪ್ಯೂಟರಿನ ಮೇಲೆ ಬಿತ್ತು.

ಅಂಗಡಿಗೆ ಹೊಸದು ಬಂದಾಗ ಹಳೆಯದನ್ನು ಗುಜರಿಗೆ ಹಾಕಲು ಮನಸ್ಸಾಗದೆ ಅವನು ಟಿವಿಗೆ ಜೋಡಿಸಿದ್ದ. ಸಿನಿಮಾ, ಹಾಡು, ಮಮತಾಳ ಹಾಸ್ಟೆಲ್ ಸಮಾರಂಭದ ವಿಡಿಯೋಗಳು ಎಲ್ಲ ಅದರೊಳಗಿದ್ದವು. ಅಂಗಡಿಯ ಕಂಪ್ಯೂಟರಿಗೂ ಅದಕ್ಕೂ ಮನೆಯ ವೈಫೈ ಮೂಲಕ ಮಾತುಕತೆ ಇತ್ತು. ಟಿವಿ ಮಾತ್ರ ಕಂಪ್ಯೂಟರಿನ ಮಾತು ಕೇಳುತ್ತಿರಲಿಲ್ಲ, ಅದಕ್ಕೆ ರಿಮೋಟೇ ಆಗಬೇಕು. ಹಾಗಾದರೆ ರಿಮೋಟಿನ ಕೆಲಸವನ್ನು ಕಂಪ್ಯೂಟರಿಗೇ ಕಲಿಸಿದರೆ? ಇಂಟರ್‌ನೆಟ್ಟಿನಲ್ಲಿ ಹುಡುಕಿದ. ಇನ್‌ಫ್ರಾರೆಡ್ ಟ್ರಾನ್ಸ್‌ಮಿಟರ್ ಅಂತ, ರಿಮೋಟಿನ ಸಂಜ್ಞೆ ಕಲಿತು ತಾನೇ ಕಳಿಸುವ ಒಂದು ವಸ್ತು ಇತ್ತು. ದಾವಣಗೆರೆಯ ಅಂಗಡಿಯೊಂದಕ್ಕೆ ಫೋನ್ ಮಾಡಿ ಬಸ್ಸಿನ ಕಂಡಕ್ಟರ್ ಕೈಲಿ ತರಿಸಿಕೊಂಡ.

ಪೊಟ್ಟಣ ಬಿಚ್ಚಿದರೆ ಹೆಬ್ಬೆರಳಿನಷ್ಟು ಡಬ್ಬಿ, ಅದರಿಂದ ಹೊರಟ ಸಣ್ಣ ವೈರು, ವೈರಿನ ತುದಿಗೆ ಕಡಲೆಕಾಳಿನಷ್ಟು ಬಲ್ಬು. ಮಧ್ಯಾಹ್ನ ಗಿರಾಕಿ ಕಡಿಮೆಯಾದ ಹೊತ್ತಿನಲ್ಲಿ ಅವನು ಅತ್ತೆಯ ಕೋಣೆಯಲ್ಲಿ ನೆಲಕ್ಕೆ ಕೂತ. ಡಬ್ಬಿಯನ್ನು ಕಂಪ್ಯೂಟರಿಗೆ ಸಿಕ್ಕಿಸಿದ. ಹಳೆಯ ರಿಮೋಟನ್ನು ಡಬ್ಬಿಯ ಎದುರು ಹಿಡಿದು ಒಂದೊಂದೇ ಗುಂಡಿ ಒತ್ತಿದ. ಒಂದೊಂದು ಗುಂಡಿಗೂ ಒಂದೊಂದು ಸಂಜ್ಞೆ ಇರುತ್ತದೆ, ಅದನ್ನು ಡಬ್ಬಿ ಕೇಳಿಸಿಕೊಂಡು ನೆನಪಿಟ್ಟುಕೊಳ್ಳುತ್ತದೆ. ಸೌಂಡು ಏರಿಸುವುದು ಇದು, ಇಳಿಸುವುದು ಇದು, ಆಫ್ ಮಾಡುವುದು ಇದು. ಶಾಲೆಯ ಮಗುವಿಗೆ ಅಕ್ಷರ ತಿದ್ದಿಸಿದ ಹಾಗೆ ಎಲ್ಲ ತಿದ್ದಿಸಿದ. ವೈರಿನ ತುದಿಯ ಬಲ್ಬನ್ನು ಟಿವಿಯ ಕೆಳಗೆ ಸಂಜ್ಞೆ ಹಿಡಿಯುವ ಕಣ್ಣಿನ ಎದುರು ಟೇಪು ಹಾಕಿ ಅಂಟಿಸಿದ.

ಉಚ್ಚಂಗಮ್ಮ ಮಂಚದಿಂದಲೇ ನೋಡುತ್ತಿದ್ದರು. ಅಳಿಯ ತಮ್ಮ ಕಾಲ ಬುಡದಲ್ಲಿ ನೆಲದ ಮೇಲೆ ಕೂತದ್ದಕ್ಕೆ ಅವರಿಗೆ ಜೀವವೇ ಹೋದಂತಾಗಿತ್ತು. ಎಡಗೈಯಲ್ಲಿ ಕುರ್ಚಿ ತೋರಿಸಿದರು, “ಯವ್ವಾ” ಅಂದರು.

“ಇರ್ಲಿ ಅತ್ತೆ. ಇದು ದೀಪ. ಕಣ್ಣಿಗೆ ಕಾಣಾದಿಲ್ಲ, ಟಿವಿಗೆ ಕಾಣ್ತದೆ” ಅಂದ ಭೀಮೇಶ. ಮೊಬೈಲಿನ ಕ್ಯಾಮೆರಾ ಹಿಡಿದು ತೋರಿಸಿದ. ಕಣ್ಣಿಗೆ ಕಾಣದ ಬೆಳಕು ಮೊಬೈಲ್ ಪರದೆಯಲ್ಲಿ ನೇರಳೆ ಬಣ್ಣಕ್ಕೆ ಮಿಣಮಿಣ ಅಂದಿತು. ಅತ್ತೆ ಆ ದೀಪವನ್ನೇ ನೋಡಿದರು.

ದೀಪ ಉರಿದರೂ ಟಿವಿ ಕದಲಲಿಲ್ಲ. ವೈರು ಬಿಚ್ಚಿದ, ಸಿಕ್ಕಿಸಿದ, ಬಲ್ಬು ತಿರುಗಿಸಿದ, ಮತ್ತೆಲ್ಲ ಮೊದಲಿನಿಂದ ತಿದ್ದಿಸಿದ. ಕಡೆಗೆ ಬೇಸತ್ತು ಟಿವಿಯ ಕಣ್ಣನ್ನು ಬಗ್ಗಿ ನೋಡಿದರೆ ಅದರ ಮೇಲೆ ನೆಟ್ಟಗೆ ಒಂದು ಅರಿಸಿನ ಕುಂಕುಮದ ಬೊಟ್ಟು! ಗೋಡೆಯ ಮೇಲೆ ಬುದ್ಧ, ಅಂಬೇಡ್ಕರ್ ಇಬ್ಬರ ಪಟ ಇದ್ದರೂ ಮಮತಾ ಆಯುಧಪೂಜೆ ಬಿಟ್ಟಿರಲಿಲ್ಲ. ಟಿವಿಗೆ ಹಣೆ ಎಲ್ಲಿ ಅಂತ ಹುಡುಕಿ ಕಣ್ಣಿಗೇ ಇಟ್ಟಿದ್ದಳು. ರಿಮೋಟನ್ನು ಮೂಗಿಗೆ ಹಿಡಿದರೆ ಮಾತ್ರ ಟಿವಿ ಕೇಳುತ್ತಿದ್ದುದು ಯಾಕೆ ಅಂತ ಈಗ ಗೊತ್ತಾಯಿತು. ರಿಮೋಟಿನಷ್ಟು ಜೋರಿಲ್ಲದ ಬಲ್ಬಿನ ಬೆಳಕಿಗೆ ಆ ಬೊಟ್ಟು ದಾಟಲು ಆಗಿರಲಿಲ್ಲ. ಲುಂಗಿಯ ಅಂಚಿನಿಂದ ಒರೆಸಿ ಕಂಪ್ಯೂಟರಿನಿಂದ ಸಂಜ್ಞೆ ಕಳಿಸಿದ. ಟಿವಿಯ ಮೇಲೆ ಹಸಿರು ಗೆರೆ ತೆವಳಿ ಸೌಂಡು ಏರಿತು. ಭೀಮೇಶ ಬಹಳ ದಿನದ ಮೇಲೆ ಮನಸಾರೆ ನಕ್ಕ.

ಆವತ್ತಿನಿಂದ ಅವನು ಏಳುವುದು ತಪ್ಪಿತು. ಅತ್ತೆ ಕರೆದರೆ ಅಂಗಡಿಯ ಕೀಬೋರ್ಡಿನಲ್ಲಿ ಒಂದು ಗುಂಡಿ ಒತ್ತಿದರಾಯಿತು, ಗೋಡೆಯಾಚೆ ಸೌಂಡು ಏರುತ್ತಿತ್ತು. ಕಾಲಿನ ದಣಿವು ಇಳಿಯಿತು. ಕರೆ ಮಾತ್ರ ಇಳಿಯಲಿಲ್ಲ, ಇನ್ನೂ ಹೆಚ್ಚಿತು. ಮೊದಲೆಲ್ಲ ಅಳಿಯ ಬಂದಾಗ ಕೈ ಬೀಸಿಯಾದರೂ ಏನಾದರೂ ಹೇಳಬಹುದಿತ್ತು. ಈಗ ಕರೆದರೆ ಯಾರೂ ಬರುತ್ತಿರಲಿಲ್ಲ, ಟಿವಿ ಒಂದೇ ಜೋರಾಗಿ ಅರಚುತ್ತಿತ್ತು.

ಶುಕ್ರವಾರ ಭೀಮೇಶ ಇನ್ನೊಂದು ಉಪಾಯ ಹೂಡಿದ. ಒತ್ತುವ ಕೆಲಸವನ್ನು ಅತ್ತೆಯ ಕೈಗೇ ಕೊಟ್ಟುಬಿಟ್ಟರೆ ಕರೆಯುವ ಗೊಡವೆಯೇ ಇರುವುದಿಲ್ಲ. ರಿಮೋಟಿನ ಚಿಕ್ಕ ಗುಂಡಿಗಳು ಅವರ ಎಡಗೈಗೆ ಬಗ್ಗುತ್ತಿರಲಿಲ್ಲ. ಒಂದು ಹಳೆಯ ಕೀಬೋರ್ಡ್ ತಗೊಂಡು ಕೂತು ಚಾಕುವಿನಿಂದ ಎಲ್ಲ ಗುಂಡಿಗಳನ್ನೂ ಎಬ್ಬಿಸಿ ತೆಗೆದ. ಕೆಳಗಿನ ಉದ್ದನೆಯ ಸ್ಪೇಸ್ ಬಾರ್ ಒಂದನ್ನು ಉಳಿಸಿದ. ಅದನ್ನು ಒತ್ತಿದರೆ ಕಂಪ್ಯೂಟರ್ ಬಲ್ಬಿಗೆ ಹೇಳಬೇಕು, ಬಲ್ಬು ಟಿವಿಗೆ ಹೇಳಬೇಕು, ಸೌಂಡು ಏರಬೇಕು. ಶನಿವಾರ ಬೆಳಗ್ಗೆ ಕೊಟ್ರಮ್ಮ ಹೋದ ಮೇಲೆ ಟಿವಿ ಹಚ್ಚಿ, ಹಲ್ಲುದುರಿದ ಆ ಕೀಬೋರ್ಡನ್ನು ಅತ್ತೆಯ ಎಡಗೈ ಕೆಳಗೆ ಇಟ್ಟ.

“ಅತ್ತೆ, ಇಲ್ನೋಡ್ರಿ. ಇನ್ ಮ್ಯಾಲೆ ನನ್ನ ಕರಿಯಾದು ಬ್ಯಾಡ. ಇದನ್ನ ಒತ್ತಿದ್ರೆ ತಾನೇ ದೊಡ್ದು ಆಗ್ತದೆ.”

ಉಚ್ಚಂಗಮ್ಮ ಕೀಬೋರ್ಡ್ ನೋಡಿದರು, ಟಿವಿ ನೋಡಿದರು. “ದೊಡ್ದ?” ಅಂದರು.

“ಹೂಂ. ದೊಡ್ದು.”

ಅವರ ಮುಖ ಅರಳಿತು. ಲಕ್ವ ಹೊಡೆದ ಮೇಲೆ ಆ ಮುಖದ ಮೇಲೆ ನಗು ಕಂಡದ್ದು ಅದೇ ಮೊದಲು. ಸೊಟ್ಟ ತುಟಿಯ ನಗು, ಆದರೂ ನಗುವೇ. ಭೀಮೇಶನ ಎದೆ ತುಂಬಿತು. ನಾಳೆ ಚಿಕ್ಕತ್ತೆ ಹನುಮಂತಮ್ಮ ಬರಲಿ, ಉಣ್ಣಿಸಿ ಕಳಿಸೋಣ, ಅತ್ತೆ ಇಲ್ಲೇ ಇರಲಿ ಅಂದುಕೊಳ್ಳುತ್ತಾ ಅಂಗಡಿಗೆ ಬಂದು ಕುರ್ಚಿಯಲ್ಲಿ ಕೂತ. ಎದುರಿಗೆ ಷಣ್ಮುಖಪ್ಪ ತಮ್ಮ ಗಂಡಸು ಫೋಟೋ ಹಿಡಿದು ಸ್ಟೂಲಿನ ಮೇಲೆ ಕೂತಿದ್ದರು.

ಒಳಗೆ ಸೌಂಡು ಒಂದು ಗೆರೆ ಏರಿತು. “ಅತ್ತೆ ಒತ್ತಿದ್ರು ನೋಡ್ರಿ” ಅಂದ ಭೀಮೇಶ ಹೆಮ್ಮೆಯಿಂದ. ಇನ್ನೊಂದು ಗೆರೆ ಏರಿತು. ಮತ್ತೊಂದು. ಧಾರಾವಾಹಿಯ ಸೊಸೆಯ ಅಳು ಬೀದಿಗೆ ಬಂತು. ಸೌಂಡು ಇನ್ನೂ ಏರುತ್ತಲೇ ಇತ್ತು, ನಿಲ್ಲುವ ಲಕ್ಷಣವೇ ಇರಲಿಲ್ಲ. ಮೇಜಿನ ಮೇಲಿನ ಸ್ಟೇಪ್ಲರ್ ಪಿನ್ನಿನ ಡಬ್ಬಿ ಗಡಗಡ ನಡುಗಿತು. ಎದುರು ಹೋಟೆಲಿನವರು ಹೊರಗೆ ಬಂದು ನಿಂತರು. ಷಣ್ಮುಖಪ್ಪ ಕಿವಿ ಮುಚ್ಚಿಕೊಂಡು ಏನೋ ಹೇಳಿದರು, ತುಟಿ ಅಲ್ಲಾಡಿದ್ದಷ್ಟೇ ಕಾಣಿಸಿತು. ಭೀಮೇಶ ಸೌಂಡು ಇಳಿಸುವ ಗುಂಡಿ ಒತ್ತಿದ. ಅವನು ಇಳಿಸುವುದಕ್ಕಿಂತ ಬೇಗ ಅತ್ತೆ ಏರಿಸುತ್ತಿದ್ದರು.

ಅದೇ ಹೊತ್ತಿಗೆ ಹನುಮಂತಮ್ಮ ಅಂಗಡಿಯ ಮೆಟ್ಟಿಲು ಹತ್ತಿದರು. ಅಕ್ಕನ ಬಟ್ಟೆಬರೆ ಕಟ್ಟಬೇಕಲ್ಲ ಅಂತ ಒಂದು ದಿನ ಮೊದಲೇ ಬಂದಿದ್ದರು. ಕೈಯಲ್ಲಿದ್ದ ಚೀಲವನ್ನು ಷಣ್ಮುಖಪ್ಪನ ತೊಡೆಯ ಮೇಲೇ ಇಟ್ಟು ಒಳಗೆ ನುಗ್ಗಿದರು. ಹಿಂದೆಯೇ ಭೀಮೇಶ ಓಡಿದ.

ಉಚ್ಚಂಗಮ್ಮ ಕಣ್ಣು ಬಿಗಿಯಾಗಿ ಮುಚ್ಚಿ, ಎಡಗೈಯ ಮುಷ್ಟಿಯಿಂದ ಆ ಉದ್ದನೆಯ ಗುಂಡಿಯನ್ನು ಗುದ್ದುತ್ತಿದ್ದರು. ಕೆನ್ನೆಯ ಮೇಲೆ ನೀರು ಹರಿದು ಕಿವಿಯೊಳಗೆ ಇಳಿಯುತ್ತಿತ್ತು. “ದೊಡ್ದು… ದೊಡ್ದು…” ಅನ್ನುವುದು ಆ ಗದ್ದಲದಲ್ಲೂ ತುಟಿಯಿಂದ ಓದುವಂತಿತ್ತು. ಹನುಮಂತಮ್ಮ ಒಂದು ಕ್ಷಣ ನಿಂತು ನೋಡಿದರು. ಆಮೇಲೆ ನೆಟ್ಟಗೆ ಗೋಡೆಯ ಹತ್ತಿರ ಹೋಗಿ ಟಿವಿಯ ಪ್ಲಗ್ಗನ್ನೇ ಕಿತ್ತು ಬಿಸಾಡಿದರು.

ಮನೆ ಸ್ತಬ್ಧವಾಯಿತು. ಅಂಗಡಿಯ ಫ್ಯಾನು ತಿರುಗುವುದು ಕೇಳಿಸಿತು. ಉಚ್ಚಂಗಮ್ಮನ ಮುಷ್ಟಿ ಇನ್ನೂ ಗುಂಡಿಯನ್ನು ಗುದ್ದುತ್ತಲೇ ಇತ್ತು. ಹನುಮಂತಮ್ಮ ಆ ಕೈ ಹಿಡಿದು, “ಬಿಡಕ್ಕಾ, ದೊಡ್ದಾತು. ದೊಡ್ದಾತು ಬಿಡು” ಅಂದರು. ಅಕ್ಕ ಕಣ್ಣು ತೆರೆದು ಕಪ್ಪು ಟಿವಿಯನ್ನು ನೋಡಿ ನೆಮ್ಮದಿಯ ಉಸಿರು ಬಿಟ್ಟರು.

“ಅವ್ರೇ ಕೇಳ್ತಿದ್ರು ಚಿಕ್ಕತ್ತೆ” ಅಂದ ಭೀಮೇಶ. ಕಳ್ಳ ಸಿಕ್ಕಿಬಿದ್ದ ಹಾಗಿತ್ತು ಅವನ ದನಿ. “ದಿನಾ ದೊಡ್ದು ಮಾಡ್ರಿ, ದೊಡ್ದು ಮಾಡ್ರಿ ಅಂತ…”

“ಅಯ್ಯೋ ಅಳಿಯಪ್ಪಾ!” ಹನುಮಂತಮ್ಮ ಹಣೆ ಚಚ್ಚಿಕೊಂಡರು. “ದೊಡ್ದು ಮಾಡು ಅಂದ್ರೆ ದೊಡ್ದು ಮಾಡಾದಾ? ದೀಪ ಆರ್ಸು ಅಂತ ಯಾರಾದ್ರು ಬಾಯಿಬಿಟ್ಟು ಅಂತಾರೇನಪ್ಪಾ? ಮನೆ ದೀಪ ಅದು, ಆಡಬಾರ್ದ ಮಾತು. ಅದಕ್ಕೇ ನಮ್ ಕಡೆ ಬುಡ್ಡಿ ದೊಡ್ದು ಮಾಡು ಅಂತೀವಿ. ಸೀಮೆಎಣ್ಣೆ ಬುಡ್ಡಿ ಇದ್ದಾಗ ನಮ್ಮಕ್ಕ ದಿನಾ ಮಲಗಾಗ ಅಂತಿದ್ದ ಮಾತು. ಆರ್ಸ್ರಿ ಅಂತ ಬೇಡ್ಕಂತಿದ್ಲು ಅವ್ಳು ನಿಮ್ಮನ್ನ!”

ಭೀಮೇಶ ಮಂಚದ ಕಾಲು ಹಿಡಿದು ಕೂತುಬಿಟ್ಟ. ಅವನಿಗೇನು ಇಂಥ ಮಾತು ಹೊಸದೇ? ಅವನ ಅವ್ವನೂ ಅಕ್ಕಿ ಮುಗಿದರೆ ‘ಅಕ್ಕಿ ಹೆಚ್ಚಾಗೈತೆ’ ಅನ್ನುತ್ತಿದ್ದಳು. ಅವನೇ ದಿನಾ ಸಂಜೆ ಅಂಗಡಿ ಮುಚ್ಚುತ್ತೇನೆ ಅನ್ನದೆ, ಬಾಗಿಲು ಮುಂದೆ ಮಾಡ್ತೀನಿ ಅನ್ನುತ್ತಿದ್ದ. ಆದರೂ ಹೊಳೆಯಲಿಲ್ಲ. ಹೊಳೆಯುವಂತೆ ಒಂದು ಸಲ ನಿಂತು ಕೇಳಿಸಿಕೊಂಡಿದ್ದನೇ? ಮಮತಾಗಾದರೂ ಅತ್ತೆ ಆಡಿದ ಮಾತನ್ನೇ ಹೇಳಿದ್ದರೆ ಅವಳು ಆ ಕ್ಷಣವೇ ಹೇಳುತ್ತಿದ್ದಳು. ಅವಳ ಹತ್ತಿರವೂ ಸೌಂಡು, ಜಾಸ್ತಿ ಅಂತ ತನ್ನ ಮಾತನ್ನೇ ಆಡಿದ್ದ. ಕರೆಂಟು ಹೋದಾಗ ಅತ್ತೆ ನಿದ್ದೆ ಹೋಗುತ್ತಿದ್ದುದು, ಭಾನುವಾರ ಕರೆಯದೆ ಇರುತ್ತಿದ್ದುದು ಎಲ್ಲ ಒಂದೊಂದಾಗಿ ಎದೆಗೆ ಬಂದು ಬಡಿಯಿತು. ಅವರು ಮುಖ ಗೋಡೆಗೆ ತಿರುಗಿಸುತ್ತಿದ್ದುದು ಸಮಾಧಾನದಿಂದಲ್ಲ, ಸೋತು. ಮೊದಲ ದಿನವೇ ಆರಿಸಿದ್ದರೆ ಅವರು ಮತ್ತೆ ಕರೆಯುತ್ತಲೇ ಇರಲಿಲ್ಲ. ತನ್ನನ್ನು ಇಷ್ಟು ದಿನ ಓಡಾಡಿಸಿದ್ದು ಅತ್ತೆಯಲ್ಲ, ತಾನೇ. ಇರಲಾರದೆ ಇರುವೆ ಬಿಟ್ಟುಕೊಂಡವನು ತಾನು, ಕಚ್ಚಿಸಿಕೊಂಡವರು ಇವರೂ ಕೂಡ.

“ತಪ್ಪಾತು ಅತ್ತೆ” ಅಂದ.

ಉಚ್ಚಂಗಮ್ಮ ಸೆರಗು ಹುಡುಕುತ್ತಿದ್ದರು. ಹನುಮಂತಮ್ಮ ಅದನ್ನು ಅಕ್ಕನ ತಲೆಗೆ ಎಳೆದು, “ಆತು ಬಿಡ್ರಿ, ನಾಳೆ ಹೆಂಗೂ ಕರ್ಕಂಡು ಹೋಗ್ತೀನಿ” ಅಂದರು.

“ಬ್ಯಾಡ ಚಿಕ್ಕತ್ತೆ. ಅವ್ರು ಒಪ್ಪಿದ್ರೆ ಇಲ್ಲೇ ಇರ್ಲಿ.”

ಅವನು ಎದ್ದು ಕಂಪ್ಯೂಟರಿನ ಮುಂದೆ ಕೂತ. ಕೆಲಸ ಬಹಳ ಇರಲಿಲ್ಲ. ಉದ್ದನೆಯ ಗುಂಡಿಗೆ ಗಂಟು ಹಾಕಿದ್ದ ಸೌಂಡಿನ ಸಂಜ್ಞೆಯನ್ನು ತೆಗೆದು, ಆ ಜಾಗದಲ್ಲಿ ಆಫ್ ಮಾಡುವ ಸಂಜ್ಞೆಯನ್ನು ಇಟ್ಟ. ಯಂತ್ರ ಒಂದು ಮಧ್ಯಾಹ್ನದಲ್ಲಿ ರಿಮೋಟಿನ ಭಾಷೆ ಪೂರ್ತಿ ಕಲಿತಿತ್ತು. ಅವನಿಗೆ ಒಂದು ಮಾತು ಕಲಿಯಲು ಇಷ್ಟು ದಿನ ಬೇಕಾಯಿತು. ಪ್ಲಗ್ ಸಿಕ್ಕಿಸಿ ಟಿವಿ ಹಚ್ಚಿ, ಸೌಂಡು ಪೂರ್ತಿ ತಗ್ಗಿಸಿದ. ಕೀಬೋರ್ಡನ್ನು ಮತ್ತೆ ಅತ್ತೆಯ ಕೈ ಕೆಳಗೆ ಸರಿಸಿದ.

“ಒತ್ರಿ ಅತ್ತೆ. ಈಗ ಖರೇನೂ ದೊಡ್ದಾಗ್ತದೆ.”

ಅವರು ಕೈ ಹಿಂದಕ್ಕೆ ಎಳೆದುಕೊಂಡರು. ಅವನು ಒತ್ತಾಯ ಮಾಡಲಿಲ್ಲ, ಕಾದ. ಬಾಗಿಲಲ್ಲಿ ಷಣ್ಮುಖಪ್ಪ ಚೀಲ ಹಿಡಿದು ನಿಂತಿದ್ದರು. ಕೊನೆಗೆ ಆ ಎಡಗೈ ತಾನಾಗಿ ಬಂದು ಗುಂಡಿಯ ಮೇಲೆ ಕೂತಿತು. ಒತ್ತಿತು. ಟಿವಿ ಕಪ್ಪಾಯಿತು.

ಉಚ್ಚಂಗಮ್ಮ ಇನ್ನೊಂದು ಸಲ ಒತ್ತಲಿಲ್ಲ. ಕಪ್ಪು ಪರದೆಯನ್ನು ನೋಡಿದರು, ಆಮೇಲೆ ತಲೆ ತಿರುಗಿಸಿ ಭೀಮೇಶನನ್ನು ನೋಡಿದರು. ಗೋಡೆಯನ್ನಲ್ಲ, ಅವನ ಮುಖವನ್ನೇ. ಕೆಂಪು ಕಣ್ಣು, ಕೆಳಗೆ ಜೋತ ಚರ್ಮ, ಬೋಳಿಸದ ಗಡ್ಡ, ಎಲ್ಲ ನೋಡಿದರು. ತುಟಿ ಬಹಳ ಹೊತ್ತು ತಡಕಾಡಿತು.

“ಮಲ್ಕಳ್ರಿ” ಅಂದರು.

ಲಕ್ವ ಬಿಟ್ಟುಕೊಟ್ಟ ಆ ಮೂರು ನಾಲ್ಕು ಮಾತಿನಲ್ಲಿ ಇದು ಇರಲಿಲ್ಲ. ಭೀಮೇಶನಿಗೆ ಕೇಳಿಸಿತು, ಆದರೆ ನಂಬಿಕೆ ಬರಲಿಲ್ಲ. ಒಂದು ಸಲ ಕೆಟ್ಟು ಬುದ್ಧಿ ಕಲಿತವನು ಅವನು. ಹನುಮಂತಮ್ಮನ ಕಡೆ ತಿರುಗಿದ.

“ಚಿಕ್ಕತ್ತೆ, ಇದಕ್ಕೆ ನಿಮ್ ಕಡೆ ಏನಂತ ಅರ್ಥ?”

ಹನುಮಂತಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. “ಇದಕ್ಕೆ ಬ್ಯಾರೆ ಅರ್ಥ ಇಲ್ಲಪ್ಪಾ. ಮಲ್ಕಳ್ರಿ ಅಂದ್ರೆ ಮಲ್ಕಳ್ಳಾದೇ. ನಿಮ್ಗೇ ಹೇಳ್ತಾ ಇರಾದು.”

ಭೀಮೇಶ ಅಂಗಡಿಗೆ ಬಂದ. ಷಣ್ಮುಖಪ್ಪ ತಮ್ಮ ಫೋಟೋ ಮೇಜಿನ ಮೇಲೆ ಇಟ್ಟು, “ಸೋಮವಾರ ಬರ್ತೀನಿ, ಬಾಗ್ಲು ಮುಂದೆ ಮಾಡ್ಕ” ಅಂದು ಮೆಟ್ಟಿಲಿಳಿದರು. ಅವನು ಹಗಲು ಹೊತ್ತಿನಲ್ಲೇ ಶೆಟರ್ ಎಳೆದ, ಚಾಪೆ ಹಾಸಿದ, ಜೆರಾಕ್ಸ್ ಯಂತ್ರದ ಪಕ್ಕ ಮಲಗಿದ. ಗೋಡೆಯಾಚೆಯಿಂದ ಯಾವ ಸದ್ದೂ ಬರಲಿಲ್ಲ. ಸಂಜೆ ಮಮತಾ ಅವ್ವನ ಬಟ್ಟೆ ತುಂಬಲು ಖಾಲಿ ಚೀಲ ಹಿಡಿದು ಬಂದು ಶೆಟರ್ ತಟ್ಟುವವರೆಗೂ ಅವನಿಗೆ ಎಚ್ಚರವಾಗಲಿಲ್ಲ.